ಮಕ್ಕಳನ್ನು ವರದೆಯ ನೀರಿಗಿಳಿಸಬೇಕೆ? ಸಾಕಿದ ಮೀನನ್ನು ಹೊಳೆಗೆ ಬಿಡಬೇಕೆ?

ವರದಾ ದಂಡೆಯ ಮಾಸ್ತರ (ಹಾವೇರಿ ತಾಲ್ಲೂಕು):
ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯಿಂದ ವರದಾ ನದಿಗೆ ಹದಿನೈದು ನಿಮಿಷದ ಕಾಲುದಾರಿ. ಹೋದ ತಿಂಗಳು ಏಳನೆಯ ತರಗತಿಯ ಮಕ್ಕಳಿಗೆ ಮೀನಿನ ಚಿತ್ರ ಬರೆಯಲು ಹೇಳಿದಾಗ ಬಹುತೇಕರು ಅಂಗಡಿಯ ಗಾಜಿನ ತೊಟ್ಟಿಯಲ್ಲಿರುವ ಕಿತ್ತಳೆ ಬಣ್ಣದ ಮೀನನ್ನೇ ಬರೆದರು. ಇಬ್ಬರು ಮಾತ್ರ ಮೀಸೆಯುಳ್ಳ, ಹುರುಪೆಯಿಲ್ಲದ, ಬಾಯಿ ಅಗಲವಾದ ಮೀನನ್ನು ಬರೆದು ಅದರ ಕೆಳಗೆ 'ಬಾಳೆ' ಎಂದು ಹೆಸರನ್ನೂ ಬರೆದಿದ್ದರು. ಇಬ್ಬರೂ ಮೀನು ಹಿಡಿಯುವ ಮನೆಯ ಮಕ್ಕಳು. ಹೊಳೆಯ ಪಕ್ಕದಲ್ಲಿದ್ದೂ ಉಳಿದವರಿಗೆ ಹೊಳೆಯ ಮೀನು ಗೊತ್ತಿಲ್ಲವೆಂಬುದು ನನ್ನನ್ನು ಚುಚ್ಚಿತು.

ಆದ್ದರಿಂದ ಆರರಿಂದ ಎಂಟನೆಯ ತರಗತಿಯವರಿಗೆ ನವೆಂಬರಿನಿಂದ ಜನವರಿಯವರೆಗೆ, ಶನಿವಾರದ ಬೆಳಗಿನ ಶಾಲೆಯ ಹೊತ್ತಿನಲ್ಲಿ, ನದಿಯ ದಂಡೆಯಲ್ಲೇ ಪಾಠ ಮಾಡಬೇಕೆಂದಿದ್ದೇನೆ. ನೀರಿನ ಉಷ್ಣತೆ ಅಳೆಯುವುದು, ಕಲ್ಲು ಮಗುಚಿ ಹುಳುಗಳನ್ನು ನೋಡುವುದು, ಮೀನನ್ನು ಕೈಯಲ್ಲಿ ಹಿಡಿದು ಕಿವಿರು, ಈಜುರೆಕ್ಕೆ, ಪಾರ್ಶ್ವರೇಖೆಗಳನ್ನು ಗುರುತಿಸುವುದು ನನ್ನ ಯೋಜನೆಯಲ್ಲಿವೆ. ಜೊತೆಗೆ ತರಗತಿಯಲ್ಲಿ ತೊಟ್ಟಿಯಿಟ್ಟು ರೋಹು, ಕಾಟ್ಲಾ ಮರಿಗಳನ್ನು ಮೂರು ತಿಂಗಳು ಸಾಕಿ, ಕೊನೆಗೆ ಮಕ್ಕಳ ಕೈಯಿಂದಲೇ ವರದೆಗೆ ಬಿಡಿಸಬೇಕೆಂಬ ಆಸೆಯಿದೆ. ಬಲ್ಲವರು ತಪ್ಪಿದ್ದರೆ ತಿದ್ದಬೇಕು.

ವಿದ್ಯಾನಗರದ ತಾಯಿ (ಹುಬ್ಬಳ್ಳಿ):
ಮಾಸ್ತರರೇ, ನಿಮ್ಮ ಉತ್ಸಾಹವನ್ನು ಗೌರವಿಸುತ್ತೇನೆ, ಆದರೆ ಮೊದಲ ಪ್ರಶ್ನೆ ನನ್ನದೇ ಆಗಿರಲಿ. ಮರಳು ತೆಗೆದ ಜಾಗದಲ್ಲಿ ಮೇಲಿಂದ ಮೊಣಕಾಲುದ್ದ ಕಾಣುವ ನೀರಿನೊಳಗೆ ಆಳೆತ್ತರದ ಗುಂಡಿಗಳಿರುತ್ತವೆ. ಈಜಲು ಹೋದ ಮಕ್ಕಳು ಮರಳಿ ಬರಲಿಲ್ಲವೆಂಬ ಸುದ್ದಿಯನ್ನು ನಮ್ಮ ಜಿಲ್ಲೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ನೀವು ಒಬ್ಬರು, ಮಕ್ಕಳು ಮೂವತ್ತು. ಒಮ್ಮೆ ನೀರಿನ ಸಲಿಗೆ ಬೆಳೆದ ಮಗು, ನೀವಿಲ್ಲದ ಭಾನುವಾರವೂ ಅದೇ ಜಾಗಕ್ಕೆ ಗೆಳೆಯರೊಂದಿಗೆ ಹೋಗುವುದಿಲ್ಲವೆಂದು ಯಾರು ಹೇಳಬೇಕು? ನನ್ನ ಮಗಳ ಶಾಲೆಯಿಂದ ಒಮ್ಮೆ ಕೆರೆ ನೋಡಲು ಕರೆದೊಯ್ದಾಗ ಇಬ್ಬರು ಮಕ್ಕಳು ಕೆಸರಿನಲ್ಲಿ ಸೊಂಟದವರೆಗೆ ಹೂತದ್ದನ್ನು ಮನೆಗೆ ಬಂದ ಮೇಲೆ ಮಕ್ಕಳಿಂದಲೇ ಕೇಳಿ ತಿಳಿದೆವು. ಶಾಲೆಯವರು ಹೇಳಲಿಲ್ಲ.

ಇನ್ನೊಂದು ಮಾತು. ಮಾಂಸಾಹಾರವನ್ನು ಮುಟ್ಟದ ಮನೆಗಳ ಮಕ್ಕಳೂ ತರಗತಿಯಲ್ಲಿ ಇರುತ್ತಾರೆ. ಜೀವಂತ ಮೀನನ್ನು ನೀರಿನಿಂದ ತೆಗೆದು ಒದ್ದಾಡಿಸುವುದನ್ನು ವಿಜ್ಞಾನವೆಂದು ಒಪ್ಪಲು ನನಗೂ ಮನಸ್ಸು ಬಾರದು.

ನಿವೃತ್ತ ಮೀನುಗಾರಿಕೆ ನೌಕರ (ರಾಣೆಬೆನ್ನೂರು):
ಸುರಕ್ಷತೆಯ ಮಾತನ್ನು ಬೇರೆಯವರು ಆಡಲಿ. ನಾನು ಮೀನು ಬಿಡುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಸೇವೆಯ ಬಹುಭಾಗ ಕೆರೆಗಳಿಗೆ ಮರಿ ಬಿಡುವುದರಲ್ಲೇ ಕಳೆಯಿತು.

ರೋಹು, ಕಾಟ್ಲಾ, ಮೃಗಾಲ್ ಮೂರೂ ಮೂಲತಃ ಉತ್ತರ ಭಾರತದ ದೊಡ್ಡ ನದಿಗಳ ಗೆಂಡೆಗಳು. ಇವು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂಥ ಗೆಂಡೆಗಳಿಂದ ಮೊಟ್ಟೆ ಇಡಿಸುವುದನ್ನು ಸಾಧಿಸಿದ ನಂತರವೇ ಮರಿ ಉತ್ಪಾದನಾ ಕೇಂದ್ರಗಳು ಬೆಳೆದವು, ನಮ್ಮೂರ ಕೆರೆಗಳಿಗೂ ಈ ಮೀನು ಧಾರಾಳವಾಗಿ ಬಂತು. ಕೆರೆಗೆ ಬಿಡುವುದು ಬೆಳೆ ಬೆಳೆದಂತೆ: ಬಿತ್ತುತ್ತೇವೆ, ಕೊಯ್ಯುತ್ತೇವೆ. ಹೊಳೆಗೆ ಬಿಡುವುದು ಹಾಗಲ್ಲ. ಅಲ್ಲಿ ಮೊದಲೇ ಮನೆ ಮಾಡಿಕೊಂಡಿರುವ ದೇಸಿ ಗೆಂಡೆಗಳ ಮೇವಿಗೆ ಹೊರಗಿನವರನ್ನು ಪಾಲುದಾರರನ್ನಾಗಿ ಮಾಡುತ್ತೇವೆ. ತೊಟ್ಟಿಯಲ್ಲಿ ಮರಿಗೆ ಅಂಟಿದ ಹುಣ್ಣನ್ನೋ ಪರಾವಲಂಬಿಯನ್ನೋ ಜೊತೆಗೆ ಕಳುಹಿಸುತ್ತೇವೆ.

ಒಳ್ಳೆಯ ಉದ್ದೇಶದಿಂದ ಬಿಟ್ಟ ಮೀನುಗಳ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ಗಂಬೂಸಿಯಾ ಬಂತು. ಅದು ಸೊಳ್ಳೆಮರಿಯ ಜೊತೆಗೆ ಇತರ ಮೀನುಗಳ ಮೊಟ್ಟೆಮರಿಗಳನ್ನೂ ತಿನ್ನುತ್ತದೆ. 1952ರಲ್ಲಿ ಟಿಲಾಪಿಯಾ, ನಮ್ಮ ಜನರ ಬಾಯಲ್ಲಿ ಜಿಲೇಬಿ ಮೀನು, ಬಂತು. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದ ಅದರ ಸಂತಾನ ಸೋಲುವುದೇ ಇಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು 2000ರಲ್ಲಿ ನಿಷೇಧಿಸಿದ ನಂತರವೂ ಅದು ಕದ್ದು ಮುಚ್ಚಿ ನಡೆಯಿತು. ಮಕ್ಕಳಿಂದ ಮೀನು ಬಿಡಿಸಿ ಫೋಟೋ ತೆಗೆಸುವ ಕಾರ್ಯಕ್ರಮಗಳಲ್ಲಿ ನಾನೂ ನಿಂತಿದ್ದೇನೆ. ಚಪ್ಪಾಳೆ ನಿಲ್ಲುವ ಮೊದಲೇ ಬಿಸಿಲಿಗೆ ಬಳಲಿದ ಮರಿಗಳು ದಡದಲ್ಲಿ ಹೊಟ್ಟೆ ಮೇಲಾಗಿ ತೇಲುವುದನ್ನು ಕಂಡಿದ್ದೇನೆ. ದಯವಿಟ್ಟು ಬಿಡಿಸಬೇಡಿ.

ಪ್ರಾಣಿಶಾಸ್ತ್ರದ ಉಪನ್ಯಾಸಕಿ (ಧಾರವಾಡ):
ಹಿರಿಯರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಮೊಟ್ಟೆಯಿಂದ ಮೀನು ಸಾಕಿ ಬಿಡುವ ಪದ್ಧತಿ ಅಮೆರಿಕದ ಶಾಲೆಗಳಲ್ಲಿ ಟ್ರೌಟ್ ಮೀನಿನಿಂದಲೂ, ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಮೀನಿನಿಂದಲೂ ಹೆಸರಾಯಿತು. ಅಲ್ಲಿ ತಂಪುಯಂತ್ರವಿರುವ ತೊಟ್ಟಿಯಲ್ಲಿ ಮೊಟ್ಟೆಯಿಟ್ಟು, ಮರಿಯಾದ ಮೇಲೆ ಅಧಿಕಾರಿಗಳು ಒಪ್ಪಿದ ತೊರೆಗೆ ಮಾತ್ರ ಬಿಡುತ್ತಾರೆ. ಸಾಲ್ಮನ್ ಮೀನು ಸಮುದ್ರಕ್ಕೆ ಹೋಗಿ ಬೆಳೆದು, ತಾನು ಹುಟ್ಟಿದ ತೊರೆಯ ನೀರಿನ ವಾಸನೆ ಹಿಡಿದು ಅಲ್ಲಿಗೇ ಮರಳುತ್ತದೆ. ಆದ್ದರಿಂದ ಆ ಮಗುವಿಗೆ 'ನಾನು ಬಿಟ್ಟದ್ದು ತಿರುಗಿ ಬರಬಹುದು' ಎಂಬ ಕಾತರಕ್ಕೆ ಆಧಾರವಿದೆ. ವರದೆಗೆ ಬಿಟ್ಟ ರೋಹುವಿನ ವಿಷಯದಲ್ಲಿ ಅಂಥ ಆಧಾರವಿಲ್ಲ. ಅಲ್ಲಿಯ ಕಾರ್ಯಕ್ರಮದ ಹೊರರೂಪವನ್ನು ಮಾತ್ರ ತಂದರೆ ತಿರುಳು ಅಲ್ಲಿಯೇ ಉಳಿದುಬಿಡುತ್ತದೆ.

ನಮ್ಮ ನದಿಗೆ ಒಪ್ಪುವ ಪಾಠ ಬೇರೆಯಿದೆ. ಮುಂಗಾರಿನ ಹೊಸ ನೀರು ಬಂದಾಗ ಗೆಂಡೆಗಳು ಪ್ರವಾಹಕ್ಕೆದುರಾಗಿ ಹತ್ತುತ್ತವೆ. ಮಲೆನಾಡಿನವರು ಅದಕ್ಕೆ ಹತ್ತುಮೀನು ಎನ್ನುತ್ತಾರೆ. ವರದೆ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲಿನ ಸೀಮೆಯನ್ನು ಹಾದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಈ ದಾರಿಯಲ್ಲಿ ಎಷ್ಟು ಒಡ್ಡುಗಳಿವೆ, ಮೇಲೆ ಹತ್ತುವ ಮೀನು ಎಲ್ಲಿಗೆ ನಿಲ್ಲಬೇಕಾಗುತ್ತದೆ ಎಂಬುದನ್ನು ಮಕ್ಕಳು ನಕ್ಷೆಯಲ್ಲಿ ಗುರುತಿಸಲಿ. ಬೇಸಿಗೆಯಲ್ಲಿ ಹರಿವು ನಿಂತಾಗ ಮೀನು ಯಾವ ಮಡುವಿನಲ್ಲಿ ಉಳಿಯುತ್ತದೆ, ಮರಳು ಹೋದರೆ ಮಡು ಏನಾಗುತ್ತದೆ ಎಂದು ಕೇಳಲಿ.

ಉಪಕರಣಗಳ ಬಗ್ಗೆ ಒಂದೆರಡು ಮಾತು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಹಳೆಯ ವಿಧಾನದಲ್ಲಿ ಗಂಧಕಾಮ್ಲ ಬಳಸಬೇಕು. ಅದು ಈ ವಯಸ್ಸಿನವರಿಗೆ ಬೇಡ. ಮೀನು, ವನ್ಯಜೀವಿಗಳಿಗಾಗಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಅಳತೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ. ಈ ಅಂಕಿಯನ್ನು ಹೇಳಿ, ಅಳೆಯುವ ಕೆಲಸವನ್ನು ಹುಳುಗಳಿಗೇ ಬಿಡಬಹುದು. ಹರಿಯುವ ನೀರಿನ ಕಲ್ಲಿನಡಿಯಲ್ಲಿ ಬಾಲಕ್ಕೆ ಮೂರು ಎಳೆಗಳಿರುವ, ಮೇಫ್ಲೈ ಎಂಬ ಕೀಟದ ಮರಿ ಸಿಕ್ಕರೆ ನೀರು ಚೆನ್ನಾಗಿದೆ. ಕೆಸರಿನಲ್ಲಿ ಬರಿಯ ಕೆಂಪು ಹುಳುಗಳೇ ಸಿಕ್ಕರೆ ಉಸಿರು ಕಟ್ಟಿದ ನೀರೆಂದು ಊಹಿಸಬಹುದು. ಆ ಹುಳು ಕೆಂಪಾಗಿರುವುದು ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ನಿನಿಂದ. ಕಡಿಮೆ ಆಮ್ಲಜನಕದಲ್ಲೂ ಅದಕ್ಕೆ ಬದುಕು ಸಾಗುತ್ತದೆ. ಹಳೆಯ ಸ್ಟೀಲ್ ತಟ್ಟೆಗೆ ಕಪ್ಪು ಬಿಳುಪು ಕಾಲುಭಾಗಗಳನ್ನು ಬಳಿದು ದಾರ ಕಟ್ಟಿ ಇಳಿಬಿಟ್ಟರೆ, ಅದು ಕಣ್ಮರೆಯಾಗುವ ಆಳವೇ ನೀರಿನ ತಿಳಿತನದ ಅಳತೆ. ಖರ್ಚೆಂದರೆ ಒಂದು ಡಬ್ಬಿ ಬಣ್ಣ.

ಮುಂಡರಗಿಯ ಓದುಗ (ಗದಗ ಜಿಲ್ಲೆ):
ಒಂದು ಸಣ್ಣ ತಕರಾರು. ನದಿಯ ಪಾಠವೆಂದರೆ ನದಿಯ ದಂಡೆಯ ಊರುಗಳಿಗೆ ಮಾತ್ರವೆಂದು ಆಗಬಾರದು. ನಮ್ಮ ತಾಲ್ಲೂಕಿನ ಒಂದಂಚಿಗೆ ತುಂಗಭದ್ರೆ ಇದೆ, ಆದರೆ ರೋಣದ ಕಡೆಯ ಮಗುವಿಗೆ ಬೆಣ್ಣಿಹಳ್ಳವೇ ನದಿ. ಅದು ಬೇಸಿಗೆಯಲ್ಲಿ ಬತ್ತುತ್ತದೆ, ಮಳೆಗಾಲದಲ್ಲಿ ಹೊಲಗಳನ್ನು ನುಂಗುತ್ತದೆ. ಹೊಳೆಯೇ ಇಲ್ಲದ ಊರಿಗೆ ಕೆರೆಯಿದೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, 2024ರಲ್ಲಿ ಅದು ರಾಮ್ಸಾರ್ ತಾಣವೂ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಯೂ ಆಯಿತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಹಕ್ಕಿ ತೋರಿಸಿ ಬಸ್ಸು ಹತ್ತಿಸುತ್ತಾರೆ. ಹಕ್ಕಿಗಳಿಗೆ ನೆಲೆಯಾದ ನೀರಿನೊಳಗೆ ಏನಿದೆಯೆಂದು ಯಾರೂ ಬಗ್ಗಿ ನೋಡಿಸುವುದಿಲ್ಲ.

ಗಳಗನಾಥದ ಅಂಬಿಗ:
ಇಲ್ಲಿಯವರೆಗಿನ ಮಾತುಗಳನ್ನೆಲ್ಲ ಓದಿದೆ. ಮೀನು, ಹುಳು, ತಟ್ಟೆ, ಆಮ್ಲಜನಕ ಎಲ್ಲವೂ ಬಂದವು. ಮೀನು ಹಿಡಿಯುವವನು ಮಾತ್ರ ಬರಲಿಲ್ಲ.

ನನ್ನ ತಂದೆ ಸಂಗಮದಲ್ಲಿ ಹರಿಗೋಲು ಹಾಕುತ್ತಿದ್ದರು, ನಾನೂ ಬಲೆ ಬೀಸುತ್ತೇನೆ, ಪದವಿಯನ್ನೂ ಓದಿದ್ದೇನೆ. ನಾನು ಶಾಲೆಗೆ ಹೋಗುವಾಗ ನನ್ನ ಅಂಗಿಯಲ್ಲಿ ಮೀನಿನ ವಾಸನೆ ಬರುತ್ತದೆಯೆಂದು ಕೊನೆಯ ಸಾಲಿನಲ್ಲಿ ಕೂರಿಸಿದ್ದರು, ಕೂರಿಸಿದವರು ಗುರುಗಳೇ. ಅದೇ ಗುರುಗಳು ಮೀನಿನ ಪಾಠ ಮಾಡುವಾಗ ಪುಸ್ತಕದ ಚಿತ್ರವನ್ನು ತೋರಿಸಿದರೇ ವಿನಾ ನನ್ನನ್ನು ಒಂದು ಮಾತು ಕೇಳಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತ ವಚನ ನುಡಿದ ಅಂಬಿಗರ ಚೌಡಯ್ಯನವರ ನೆಲ ಇದು, ಚೌಡಯ್ಯದಾನಪುರ ನಮಗೆ ದೂರವಲ್ಲ. ಜಯಂತಿಯ ದಿನ ಅವರ ಚಿತ್ರಕ್ಕೆ ಹಾರ ಹಾಕುವ ಶಾಲೆಗಳು ಅವರ ಕಸುಬಿನವರನ್ನು ವರ್ಷಕ್ಕೊಂದು ಬಾರಿಯಾದರೂ ತರಗತಿಗೆ ಕರೆದದ್ದನ್ನು ನಾನು ಕಂಡಿಲ್ಲ.

ಹುಬ್ಬಳ್ಳಿಯ ಅಕ್ಕನವರೇ, ನಿಮ್ಮ ಹೆದರಿಕೆ ಸರಿಯಾದದ್ದು. ಎಲ್ಲಿ ಗುಂಡಿಯಿದೆ, ಎಲ್ಲಿ ಸುಳಿಯಿದೆ ಎಂಬುದು ಪ್ರತಿ ಮಳೆಗಾಲದ ನಂತರ ಬದಲಾಗುತ್ತದೆ, ಅದು ಮಾಸ್ತರರಿಗೂ ಇಲಾಖೆಯವರಿಗೂ ಗೊತ್ತಿರುವುದಿಲ್ಲ. ದಿನವೂ ಕೋಲು ಊರುವವನಿಗೆ ಗೊತ್ತಿರುತ್ತದೆ. ಮಗುವನ್ನು ನೀರಿನಿಂದ ದೂರವಿಟ್ಟರೆ ಗುಂಡಿ ಮುಚ್ಚುವುದಿಲ್ಲ. ಭಾನುವಾರ ಕದ್ದು ಹೋಗುವ ಮಗುವಿಗೆ 'ಇಲ್ಲಿ ನೀರು ಬಣ್ಣ ಬದಲಿಸಿದೆ, ಇಲ್ಲಿ ಇಳಿಯಬಾರದು' ಎಂದು ಓದಲು ಬರಬೇಕಾದರೆ ಅದನ್ನು ಯಾರಾದರೂ ಕೈಹಿಡಿದು ಕಲಿಸಿರಬೇಕು.

ಮೀನು ಒದ್ದಾಡುವುದರ ಬಗ್ಗೆಯೂ ಹೇಳುತ್ತೇನೆ. ಕೊರವ ಮೀನಿನ ತಂದೆತಾಯಿಗಳು ಕೆಂಪು ಮರಿಗಳ ಗುಂಪನ್ನು ಕಾಯುತ್ತ ತಿರುಗುತ್ತವೆ. ಆ ಸಮಯದಲ್ಲಿ ಹಿಡಿದರೆ ಮರಿಗಳೆಲ್ಲ ಬೇರೆ ಮೀನಿಗೆ ತುತ್ತಾಗುತ್ತವೆಂದು ನಮ್ಮ ಹಿರಿಯರು ಬಲೆ ಹಾಕುತ್ತಿರಲಿಲ್ಲ. ಈಗ ಹಾಕುವವರಿದ್ದಾರೆ, ಸಿಡಿಮದ್ದು ಹಾಕುವವರೂ ಇದ್ದಾರೆ, ಔಷಧ ಹೊಡೆದ ಪಂಪನ್ನು ಹೊಳೆಯಲ್ಲೇ ತೊಳೆಯುವ ರೈತರೂ ಇದ್ದಾರೆ. ಮಕ್ಕಳಿಗೆ ಕೈಯಲ್ಲೊಂದು ಮೀನು ಒದ್ದಾಡಿದ್ದಕ್ಕಿಂತ ಇದನ್ನು ತೋರಿಸುವುದು ಹೆಚ್ಚು ಕಷ್ಟ.

ವಿದ್ಯಾನಗರದ ತಾಯಿ:
ಅಣ್ಣನವರೇ, ಕೊನೆಯ ಸಾಲಿನಲ್ಲಿ ಕೂರಿಸಿದ ಮಾತು ಓದಿ ಮನಸ್ಸಿಗೆ ನೋವಾಯಿತು. ನನ್ನ ಬರಹದಲ್ಲಿ ಅಂಥ ಧ್ವನಿ ಬಂದಿದ್ದರೆ ಕ್ಷಮೆಯಿರಲಿ. ನೀವು ಜೊತೆಗಿದ್ದರೆ ದಂಡೆಯ ಪಾಠಕ್ಕೆ ನನ್ನ ವಿರೋಧವಿಲ್ಲ. ನೀರಿಗಿಳಿಸುವುದಕ್ಕೆ ಮಾತ್ರ ಈಗಲೂ ಒಪ್ಪಿಗೆಯಿಲ್ಲ. ಪೋಷಕರ ಲಿಖಿತ ಸಮ್ಮತಿ, ಹಗ್ಗ, ಗಾಳಿ ತುಂಬಿದ ಟ್ಯೂಬು, ಐದು ಮಕ್ಕಳಿಗೊಬ್ಬ ದೊಡ್ಡವರು ಇಷ್ಟಾದರೂ ಇರಬೇಕು. ಕೈಯಲ್ಲಿ ಗಾಯವಿರುವ ಮಗು ನೀರು ಮುಟ್ಟಬಾರದು. ಇಲಿಜ್ವರ ಹರಡುವುದು ಇಂಥ ನೀರಿನಿಂದಲೇ.

ಪ್ರಾಣಿಶಾಸ್ತ್ರದ ಉಪನ್ಯಾಸಕಿ:
ಅಕ್ಕನವರ ಷರತ್ತುಗಳಲ್ಲಿ ಒಂದನ್ನೂ ಕೈಬಿಡುವಂತಿಲ್ಲ. ಮೀನನ್ನು ಹಿಡಿದು ತೋರಿಸುವುದಕ್ಕೂ ಮಧ್ಯದ ದಾರಿಯಿದೆ: ಬಲೆಗೆ ಬಿದ್ದ ಮೀನನ್ನು ಹೊಳೆಯ ನೀರೇ ತುಂಬಿದ ಅಗಲವಾದ ಬೋಗುಣಿಯಲ್ಲಿ ಇಟ್ಟು, ಮೇಲಿಂದ ನೋಡಿ, ಹೆಸರು ಬರೆದುಕೊಂಡು, ಕೆಲವೇ ನಿಮಿಷಗಳಲ್ಲಿ ಅದೇ ಜಾಗಕ್ಕೆ ಬಿಡುವುದು. ಇದರಲ್ಲಿ ಹೊರಗಿನ ಮೀನು ಒಳಗೆ ಬರುವುದಿಲ್ಲ, ಬಿಡುವ ಸಂತೋಷವೂ ಮಕ್ಕಳಿಗೆ ತಪ್ಪುವುದಿಲ್ಲ. ಅಂಬಿಗರು ಹೇಳುವ ಊರ ಹೆಸರನ್ನು ಮೊದಲು ಬರೆಯಿರಿ, ಶಾಸ್ತ್ರೀಯ ಹೆಸರನ್ನು ಆಮೇಲೆ ನಾನು ಸೇರಿಸಿಕೊಡುತ್ತೇನೆ.

ನಿವೃತ್ತ ಮೀನುಗಾರಿಕೆ ನೌಕರ:
ತೊಟ್ಟಿ ಇಡಲೇಬೇಕೆಂದಿದ್ದರೆ ಇಡಿ, ಅದರಲ್ಲಿ ತಪ್ಪಿಲ್ಲ. ಮೀನಿಗೆ ಮೇವು ಹಾಕುವ ಸರದಿಯಿಂದ ಮಕ್ಕಳು ಕಲಿಯುವುದು ಬಹಳ. ಆದರೆ ಆ ಮೀನು ತೊಟ್ಟಿಯಲ್ಲೇ ಇರಲಿ, ಅಥವಾ ರಜೆ ಬರುವಾಗ ಮೀನು ಸಾಕುವವರ ಹೊಂಡಕ್ಕೆ ಹೋಗಲಿ. ತೊಟ್ಟಿಯ ನೀರನ್ನು ಶಾಲೆಯ ತೋಟದ ಗಿಡಗಳಿಗೆ ಹಾಕಿ, ಹಳ್ಳಕ್ಕೆ ಚೆಲ್ಲಬೇಡಿ.

ವರದಾ ದಂಡೆಯ ಮಾಸ್ತರ:
ಎಲ್ಲರಿಗೂ ಋಣಿ. ಮೀನು ಬಿಡುವ ಕಾರ್ಯಕ್ರಮವನ್ನು ಯೋಜನೆಯಿಂದ ತೆಗೆದಿದ್ದೇನೆ. ಮೊದಲ ಎರಡು ಶನಿವಾರ ದಂಡೆಯ ಮೇಲೆಯೇ ಪಾಠ. ನೀರಿಗಿಳಿಯುವ ನಿರ್ಧಾರವನ್ನು ಶಾಲಾ ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ಪೋಷಕರೆದುರು ಇಡುತ್ತೇನೆ, ಅವರು ಬೇಡವೆಂದರೆ ಇಲ್ಲ. ಅಂಬಿಗರೇ, ತಾವು ಬಂದು ಪಾಠ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಬೆಳಗಿನ ದುಡಿಮೆ ನಿಮಗೆ ತಪ್ಪುತ್ತದೆಂಬ ಅರಿವಿದೆ. ಅದಕ್ಕೆ ತಕ್ಕ ಸಂಭಾವನೆಯನ್ನು ನಾವು ಶಿಕ್ಷಕರೇ ಸೇರಿಸಿ ಕೊಡುತ್ತೇವೆ. ಎಂಟು ಗಂಟೆಗೆ ಹೊರಟರೆ ಸಾಕೆ?

ಗಳಗನಾಥದ ಅಂಬಿಗ:
ಬರುತ್ತೇನೆ ಗುರುಗಳೇ, ಬೋಗುಣಿ ಬಲೆ ಎರಡನ್ನೂ ನಾನೇ ತರುತ್ತೇನೆ. ಆದರೆ ಎಂಟಕ್ಕೆ ಹೊರಟರೆ ಮೀನು ಆಗಲೇ ಸಂತೆಗೆ ಹೋಗಿರುತ್ತದೆ, ಹೊಳೆಯೂ ಬಿಸಿಲಿಗೆ ಸುಮ್ಮನಾಗಿರುತ್ತದೆ. ಮಕ್ಕಳನ್ನು ಆರೂವರೆಗೆ ದಂಡೆಗೆ ಕರೆತನ್ನಿ. ಬಾಳೆಮೀನಿನ ಚಿತ್ರ ಬರೆದ ಆ ಇಬ್ಬರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ.