ಬಾಯಿ ಮಾತ್ರ ಆಡುವ ಚಿತ್ರಗಳ ಹಿಂದಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಜಪಾನಿನ ಕಾರ್ಟೂನುಗಳಲ್ಲಿ ಮೈ ಅಲ್ಲಾಡದೆ ಬಾಯಿ ಮಾತ್ರ ಏಕೆ ಆಡುತ್ತದೆ ಎಂದು ನಮ್ಮ ಸಿರಿ ನಿನ್ನೆ ಗುಂಪಿನಲ್ಲಿ ಕೇಳಿದ್ದಳು. ಅದು ಚಿತ್ರ ಬರೆಯುವವರ ಸೋಮಾರಿತನ ಎಂದು ಭಾವ ಉತ್ತರಿಸಿದ್ದರು. ಭಾವ, ನಿಮ್ಮ ಆ ಮಾತನ್ನು ನಾನು ಒಪ್ಪಲಾರೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯವಲ್ಲವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಬಿಡುವಾದಾಗ ಕೇಳಿ.

ಜಪಾನಿನ ಟಿವಿಯಲ್ಲಿ ಈ ಪದ್ಧತಿ ಬೇರೂರಿದ್ದು ಟೋಕಿಯೊದ ಮುಶಿ ಪ್ರೊಡಕ್ಷನ್ ಎಂಬ ಸ್ಟುಡಿಯೊದಿಂದ. ವೈದ್ಯಕೀಯ ಓದಿಯೂ ಕಾಮಿಕ್ಸ್ ಬರೆಯುವುದನ್ನೇ ವೃತ್ತಿ ಮಾಡಿಕೊಂಡಿದ್ದ ಒಸಾಮು ತೆಜುಕಾ ಅವರು 1961ರಲ್ಲಿ ಅದನ್ನು ಆರಂಭಿಸಿದರು. ಹೊರದೇಶಗಳಲ್ಲಿ ‘ಆಸ್ಟ್ರೋ ಬಾಯ್’ ಎಂದು ಹೆಸರಾದ ಪುಟ್ಟ ರೋಬಾಟ್ ಆಟಮ್‌ನ ಕಥೆ 1963ರ ಜನವರಿ 1ರಂದು ಫುಜಿ ಟಿವಿಯಲ್ಲಿ ಮೊದಲಾಗಿ, ವಾರಕ್ಕೊಂದು ಅರ್ಧ ಗಂಟೆಯ ಕಂತಿನಂತೆ ಪ್ರಸಾರವಾಗತೊಡಗಿತು.

ಲೆಕ್ಕ ಇಲ್ಲಿದೆ ನೋಡಿ. ಫಿಲ್ಮಿನಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಕ್ಯಾಮೆರಾ ಸೆರೆಹಿಡಿದ 24 ಬಿಡಿ ನೋಟಗಳು; ಅರ್ಧ ಗಂಟೆಯಲ್ಲಿ ಜಾಹೀರಾತು ಬಿಟ್ಟು 25 ನಿಮಿಷವೆಂದರೆ 36,000 ಫ್ರೇಮ್. ಎರಡು ಫ್ರೇಮಿಗೆ ಒಂದು ಚಿತ್ರವೆಂದರೂ 18,000 ಚಿತ್ರಗಳಾಗುತ್ತವೆ. ಪ್ರತಿಯೊಂದನ್ನೂ ಪಾರದರ್ಶಕ ಸೆಲ್ ಹಾಳೆಯ ಮೇಲೆ ಕೈಯಿಂದ ತಿದ್ದಿ ಬಣ್ಣ ತುಂಬಬೇಕು. ವಾರಕ್ಕೊಂದು ಕಂತು ಕೊಡಬೇಕಾದ ಸಣ್ಣ ತಂಡಕ್ಕೆ ಇದು ಎಲ್ಲಿ ಸಾಧ್ಯ? ಅದಕ್ಕಾಗಿ ಮೂರು ಫ್ರೇಮಿಗೆ ಒಂದೇ ಚಿತ್ರ ಸಾಕೆಂದರು. ಮುಖವನ್ನು ಒಂದು ಸೆಲ್ ಮೇಲೆ ಬರೆದು, ಬಾಯಿಯನ್ನು ಬೇರೆ ಸೆಲ್ ಮೇಲೆ ಬರೆದು, ಮಾತಿನ ಉದ್ದಕ್ಕೂ ಬಾಯಿಯ ಸೆಲ್ಲನ್ನಷ್ಟೇ ಬದಲಿಸಿದರು. ಆಟಮ್ ಹಾರುವ, ಓಡುವ ಸೆಲ್‌ಗಳನ್ನು ಜೋಪಾನವಾಗಿ ಎತ್ತಿಟ್ಟು, ಮುಂದಿನ ಕಂತುಗಳಲ್ಲಿ ಹಿನ್ನೆಲೆ ಬದಲಿಸಿ ಮತ್ತೆ ಮತ್ತೆ ಬಳಸಿದರು; ಇದನ್ನು ಅವರು ‘ಬ್ಯಾಂಕ್’ ಎಂದು ಕರೆಯುತ್ತಿದ್ದರು. ಚಿತ್ರ ನಿಂತೇ ಇರುವ ಕಡೆ ಕ್ಯಾಮೆರಾವನ್ನು ಅದರ ಮೇಲೆ ಸರಿಸಿದರು. ಅಲ್ಲಿಯೂ ಸಾಲದ ಜೀವವನ್ನು ಶಬ್ದ ತುಂಬಿಕೊಟ್ಟಿತು: ಮಾತ್ಸುವೊ ಓನೊ ಅವರು ಸೃಷ್ಟಿಸಿದ ಆಟಮ್‌ನ ಹೆಜ್ಜೆಯ ಸದ್ದನ್ನು ಕೇಳಿದರೆ ಆ ಹುಡುಗ ಲೋಹದವನೆಂದು ನಂಬದೆ ವಿಧಿಯಿಲ್ಲ. ಇಷ್ಟೆಲ್ಲ ಯೋಚಿಸಿದವರನ್ನು ಸೋಮಾರಿಗಳೆನ್ನುವುದು ನ್ಯಾಯವಲ್ಲ.

ನನಗೆ ನಿಜವಾಗಿ ನೋವಾಗುವುದು ಹಣದ ವಿಷಯದಲ್ಲಿ. ತೆಜುಕಾ ಅವರು ಖರ್ಚಿಗಿಂತ ಕಡಿಮೆ ಬೆಲೆಗೆ ಕಂತುಗಳನ್ನು ಟಿವಿಗೆ ಮಾರಿದರು. ಆ ಕೊರತೆಯನ್ನು ತುಂಬಲು ಆಟಮ್ ಹೆಸರಿನ ಸರಕುಗಳ ಹಣ, ಅಮೆರಿಕದ ಟಿವಿ ಸಂಸ್ಥೆ ಎನ್‌ಬಿಸಿಯ ಹಣ ಬಂದದ್ದು ನಿಜ. ಪ್ರಾಯೋಜಕರಾಗಿದ್ದ ಮೇಜಿ ಕಂಪನಿಯ ಚಾಕೊಲೇಟ್ ಡಬ್ಬಿಯೊಳಗಿನ ಆಟಮ್ ಸ್ಟಿಕರ್‌ಗಳಿಗೆ ಮಕ್ಕಳು ಮುಗಿಬಿದ್ದದ್ದೂ ನಿಜ. ಆದರೆ ಹಗಲು ರಾತ್ರಿ ದುಡಿದವರ ಶ್ರಮಕ್ಕೆ ಸಲ್ಲಬೇಕಾದ ಬೆಲೆಯನ್ನು ಆ ಅಗ್ಗದ ದರ ಮೊದಲೇ ಇಳಿಸಿಬಿಟ್ಟಿತ್ತು. ತೆಜುಕಾ ಅವರ ಪ್ರತಿಭೆಯ ಬಗ್ಗೆ ನನಗೆ ಅಪಾರ ಗೌರವವಿದ್ದರೂ ಆ ನಿರ್ಧಾರ ತಪ್ಪೆಂದೇ ಹೇಳುತ್ತೇನೆ.

1966ರ ಕೊನೆಯ ದಿನದವರೆಗೆ ಆಟಮ್ 193 ಕಂತು ನಡೆಯಿತು. ನಡುವೆ 1965ರಲ್ಲಿ ಸ್ಟುಡಿಯೊ ಬಣ್ಣದ ಧಾರಾವಾಹಿಗೂ ಕೈಹಾಕಿತು. 1971ರಲ್ಲಿ ತೆಜುಕಾ ಅಧ್ಯಕ್ಷ ಸ್ಥಾನ ಬಿಟ್ಟರು. 1973ರಲ್ಲಿ ಸಂಸ್ಥೆ ದಿವಾಳಿಯಾಯಿತು. ಅಷ್ಟರಲ್ಲಾಗಲೇ, 1972ರಲ್ಲಿ, ಅಲ್ಲಿ ಕೆಲಸ ಕಲಿತವರು ಹೊರಬಂದು ಮ್ಯಾಡ್‌ಹೌಸ್ ಮತ್ತು ಸನ್‌ರೈಸ್ ಸ್ಟುಡಿಯೊಗಳನ್ನು ಕಟ್ಟಿದ್ದರು. ಸಿರಿ, ಆಟಮ್ ಕಂತುಗಳಲ್ಲಿ ಪಳಗಿದ ಯೋಶಿಯುಕಿ ತೊಮಿನೊ ಅವರೇ ಮುಂದೆ 1979ರಲ್ಲಿ ಸನ್‌ರೈಸ್‌ನಲ್ಲಿ ‘ಗುಂಡಮ್’ ಎಂಬ ದೈತ್ಯ ರೋಬಾಟ್‌ಗಳ ಧಾರಾವಾಹಿಯನ್ನು ನಿರ್ದೇಶಿಸಿದರು.