ಸಹಾಯ ಬೇಕು: ತಾಲೀಮಿನಲ್ಲಿ ನೀವು ಬಳಸುವ ಕನ್ನಡ ಪದಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಹವ್ಯಾಸಿ ತಂಡ. ಈ ಸಲ ರಂಗನಿರ್ವಹಣೆ ನನ್ನ ತಲೆಗೆ ಬಿದ್ದಿದೆ. ಹದಿನಾಲ್ಕು ನಟರಲ್ಲಿ ಒಂಬತ್ತು ಮಂದಿ ಹೊಸಬರು.

ನಿರ್ದೇಶಕರು "ರೈಟಿಗೆ ಹೋಗಿ" ಅಂದರೆ ಅರ್ಧ ಜನ ಎಡಕ್ಕೆ ಹೋಗುತ್ತಾರೆ. ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಬಲವೇ ಸ್ಟೇಜ್ ರೈಟ್ ಅಂತ ವಿವರಿಸಿದೆ, ಅದು ಹೇಗೋ ತಲೆಗೆ ಹೋಯಿತು. ಅಪ್‌ಸ್ಟೇಜ್, ಡೌನ್‌ಸ್ಟೇಜ್ (ಅಂದರೆ ವೇದಿಕೆಯ ಹಿಂಭಾಗ, ಪ್ರೇಕ್ಷಕರ ಹತ್ತಿರದ ಮುಂಭಾಗ) ಮಾತ್ರ ಹೋಗುತ್ತಿಲ್ಲ. ಹಿಂದೆ ಯುರೋಪಿನ ರಂಗಮಂದಿರಗಳಲ್ಲಿ ವೇದಿಕೆಯ ಹಿಂಭಾಗ ಎತ್ತರವಾಗಿ, ಪ್ರೇಕ್ಷಕರ ಕಡೆಗೆ ಇಳಿಜಾರಾಗಿ ಇರುತ್ತಿತ್ತು, ಆ ಹೆಸರು ಅದರಿಂದ ಬಂತು ಅಂದೆ. "ನಮ್ಮ ಸ್ಟೇಜು ಸಪಾಟಾಗಿದೆಯಲ್ಲ ಸಾರ್" ಅಂದ ಒಬ್ಬ ಹುಡುಗ! ಏನು ಹೇಳಲಿ?

ನೇಪಥ್ಯ, ರಂಗಸಜ್ಜಿಕೆ, ರಂಗಪರಿಕರ, ಪ್ರಸಾಧನ ಇವೆಲ್ಲ ಗೊತ್ತು. ಯಕ್ಷಗಾನದವರು ಬಣ್ಣದ ಕೋಣೆಗೆ ಚೌಕಿ ಅನ್ನುತ್ತಾರೆ, ಎಷ್ಟು ಚೆಂದದ ಮಾತು. ಆದರೆ ನಟರು ಯಾವಾಗ ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಅಂತ ಗೊತ್ತುಮಾಡುವ ಬ್ಲಾಕಿಂಗಿಗೆ ಏನನ್ನುತ್ತೀರಿ? "ಚಲನವಿನ್ಯಾಸ" ಅಂದರೆ ನಟರು ನಗುತ್ತಾರೆ. ಮಾತು, ಪ್ರವೇಶ, ಬೆಳಕು ಶುರುವಾಗಲು ಗುರುತಾಗುವ ಕ್ಯೂಗೆ? "ಸೂಚನೆ" ಅಂದರೆ ನಿರ್ದೇಶಕರ ಬೈಗುಳ ಅಂದುಕೊಳ್ಳುತ್ತಾರೆ. ನಿಲ್ಲಿಸದೆ ಪೂರ್ತಿ ನಾಟಕ ಓಡಿಸುವ ರನ್‌ಥ್ರೂ, ಬೆಳಕು-ಧ್ವನಿ ಹೊಂದಿಸುವ ಟೆಕ್ನಿಕಲ್, ಪ್ರದರ್ಶನ ಮುಗಿದ ಮೇಲೆ ಸೆಟ್ ಕಳಚುವುದು, ಇವಕ್ಕೂ ಬೇಕು.

ನಿಘಂಟಿನ ಪದ ಬೇಡ, ದಯವಿಟ್ಟು. ತಾಲೀಮಿನಲ್ಲಿ ಬಾಯಿಗೆ ಬರುವಂಥದ್ದು ಹೇಳಿ. ಕಂಪನಿ ನಾಟಕದಲ್ಲಿ ಪಳಗಿದ ಹಿರಿಯರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು. ಭಾನುವಾರದೊಳಗೆ ಒಂದು ಪುಟ ಬರೆದು ಗ್ರೀನ್ ರೂಮಿನ ಬಾಗಿಲಿಗೆ ಅಂಟಿಸಬೇಕು.