ಅಪ್‌ಡೇಟ್: ತಾಯಿಯವರ ಮೊಣಕಾಲು ಮತ್ತು ಕೊಲಾಜೆನ್ ಪುಡಿ

ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ ನನ್ನ ತಾಯಿಯವರ ಮೊಣಕಾಲಿನ ಸಂಧಿವಾತಕ್ಕೆ ಕೊಲಾಜೆನ್ (ಒಂದು ಬಗೆಯ ಪ್ರೋಟೀನ್) ಪುಡಿ ಕೊಟ್ಟರೆ ಸವೆದ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಮೆತ್ತೆ) ಮತ್ತೆ ಬೆಳೆಯುವುದೇ ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಬಳಿಕ ಮುಲುಂಡಿನ ಮೂಳೆತಜ್ಞರೊಬ್ಬರನ್ನು ಕಂಡೆವು.

ಅವರು ವಿವರಿಸಿದಂತೆ ಇದು ಬರಿಯ ಸವೆತವಲ್ಲ. ಮೃದ್ವಸ್ಥಿಗೆ ಗಟ್ಟಿತನ ಕೊಡುವುದು ಎರಡನೆಯ ಬಗೆಯ ಕೊಲಾಜೆನ್ ಎಳೆಗಳ ಜಾಲ, ಅದರೊಳಗೆ ನೀರನ್ನು ಹಿಡಿದಿಟ್ಟು ಒತ್ತಡ ತಾಳುವುದು ಅಗ್ರಿಕ್ಯಾನ್ ಎಂಬ ದೊಡ್ಡ ಅಣು. ಸಂಧಿವಾತದಲ್ಲಿ ಅಲ್ಲಿನ ಜೀವಕೋಶಗಳೇ ಎಂಎಂಪಿ-13ರಂತಹ ಕಿಣ್ವಗಳನ್ನು ಅತಿಯಾಗಿ ಸ್ರವಿಸಿ, ತಾವೇ ನೇಯ್ದ ಜಾಲವನ್ನು ಕತ್ತರಿಸತೊಡಗುತ್ತವೆ. ಕಳೆದುಹೋದ ಅಗ್ರಿಕ್ಯಾನ್ ಸ್ವಲ್ಪ ಮಟ್ಟಿಗೆ ಮತ್ತೆ ತುಂಬಿಕೊಳ್ಳಬಹುದಾದರೂ, ರಕ್ತನಾಳಗಳೇ ಇಲ್ಲದ ಈ ಅಂಗಾಂಶದಲ್ಲಿ ಕೊಲಾಜೆನ್ ಜಾಲ ಒಮ್ಮೆ ಹರಿದರೆ ವಯಸ್ಕರಲ್ಲಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಪುಡಿಯಾದರೋ ಜೀರ್ಣವಾಗುವಾಗ ಅಮೈನೋ ಆಮ್ಲಗಳಾಗಿ, ಸಣ್ಣ ಪೆಪ್ಟೈಡ್‌ಗಳಾಗಿ ಒಡೆಯುತ್ತದೆ; ಕೆಲವರಿಗೆ ನೋವು ತುಸು ತಗ್ಗಬಹುದು, ಆದರೆ ಮೃದ್ವಸ್ಥಿ ಬೆಳೆಯುತ್ತದೆ ಎನ್ನಲು ಆಧಾರ ಸಾಲದು.

ಪುಡಿಯನ್ನು ನಿಲ್ಲಿಸಿ, ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಆರಂಭಿಸಿದ್ದೇವೆ. ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಹೊರೆ ಸುಮಾರು 4 ಕಿಲೋ ತಗ್ಗುತ್ತದೆ ಎಂಬ ಲೆಕ್ಕ ತಾಯಿಯವರಿಗೆ ಬಹಳ ಹಿಡಿಸಿದೆ. ಲಿಫ್ಟ್ ಇಲ್ಲದ ಕಟ್ಟಡದ ಮೆಟ್ಟಿಲುಗಳು ಇನ್ನೂ ನೋಯಿಸುತ್ತವೆ. ಅದಕ್ಕೆ ಸದ್ಯ ವೈದ್ಯರು ನೋವು ತಗ್ಗಿಸಲು ಹಚ್ಚುವ ಡೈಕ್ಲೋಫೆನಾಕ್ ಜೆಲ್ ಬರೆದುಕೊಟ್ಟಿದ್ದಾರೆ.